ಒಳಗಿನ ಬಿಳಿ ಗೆರೆ

ಹದ ಮಾಡಿದ ತೊಗಲಿನ ಕತ್ತಿನ ಕಡೆಯ ಅಂಚನ್ನು ಬೆರಳುದ್ದ ಕೊಯ್ದು ನೋಡಿದಾಗ ದಾಮಿಯಾನಳಿಗೆ ಬಿಳಿ ಗೆರೆ ಕಂಡಿತು. ಮೇಲೆ ಕಂದು, ಕೆಳಗೆ ಕಂದು, ನಡುವೆ ಹಸಿ ತೊಗಲು. ಇನ್ನೊಂದನ್ನು ಕೊಯ್ದಳು. ಅದೂ ಹಾಗೆಯೇ. ಐದನೆಯದನ್ನು ಸಿಟ್ಟಿನಲ್ಲಿ ಗೇಣುದ್ದ ಕೊಯ್ದಳು.

ಚಪ್ಪರದ ನೆರಳಿನಲ್ಲಿ ಮೂವತ್ತೆರಡು ದನದ ತೊಗಲುಗಳು ತೂಗುತ್ತಿದ್ದವು. ಒಂದೊಂದರ ಮೂಲೆಯಲ್ಲೂ ಅವಳ ಅಪ್ಪನ ಕಾಲದ ಮುದ್ರೆ. ಪರಾಯಿಬಾದ ಒಣಸೀಮೆಯಲ್ಲಿ ಆ ಮುದ್ರೆ ಕಂಡ ಮೇಲೆ ದನಗಾಹಿಗಳು ತೊಗಲನ್ನು ತಿರುಗಿಸಿಯೂ ನೋಡುತ್ತಿರಲಿಲ್ಲ. ಮುಳ್ಳುಕಾಡಿನೊಳಗೆ ಹೋರಿಯ ಬೆನ್ನುಹತ್ತಿ ಕುದುರೆ ಓಡಿಸುವವನ ಮೈಗೂ ಮುಳ್ಳಿಗೂ ನಡುವೆ ಇರುವುದು ತೊಗಲಿನ ಅಂಗಿ ಒಂದೇ. ಮಧ್ಯಾಹ್ನ ಬೆಲಾರ್ಮಿನೊ ಬಂದು ಈ ಮೂವತ್ತೆರಡನ್ನೂ ಒಯ್ಯುವವನಿದ್ದ. ಅವನ ಕಡೆಯ ದನಗಾಹಿಗಳಿಗೆಲ್ಲ ಅಂಗಿ, ಕಾಲುಗವಸು ಹೊಲಿಸಬೇಕಿತ್ತು.

ಅಕ್ಕನ ಸೊಂಟದ ಮೂಳೆ ಮುರಿದಿದೆಯೆಂದು ದಾಮಿಯಾನ ಐದು ವಾರ ಪಟ್ಟಣದಲ್ಲಿದ್ದಳು. ಹೋಗುವಾಗ ಈ ತೊಗಲುಗಳಿನ್ನೂ ಸುಣ್ಣದ ಗುಂಡಿಯಲ್ಲಿದ್ದವು. ಮೂರು ತಿಂಗಳ ಕೆಲಸ ಐದು ವಾರದಲ್ಲಿ ಮುಗಿದಿದೆ ಎಂದರೆ ಏನಾಗಿರಬೇಕೆಂದು ಅವಳಿಗೆ ಯಾರೂ ಹೇಳಬೇಕಿರಲಿಲ್ಲ.

"ಆಶೀರ್ವಾದ ಮಾಡಮ್ಮಾ," ಎನ್ನುತ್ತ ಜೆನಿವಾಲ್ ಕೈ ಚಾಚಿಕೊಂಡು ಬಂದ. ಗುಂಡಿಗಳ ಉಸ್ತುವಾರಿ ಈಗ ಅವನದು. ಅವನಿಗೆ ಜ್ಞಾನಸ್ನಾನ ಮಾಡಿಸುವಾಗ ಎತ್ತಿಕೊಂಡಿದ್ದವಳು ದಾಮಿಯಾನ. ಆ ಊರಿನಲ್ಲಿ ಅಂಥವಳು ಹೆತ್ತ ತಾಯಿಗೆ ಸಮ. ಎದುರಾದಾಗಲೆಲ್ಲ ಅವನು ಹೀಗೆ ಕೇಳಬೇಕು, ಅವಳು "ದೇವರು ಒಳ್ಳೇದು ಮಾಡಲಿ" ಎನ್ನಬೇಕು. ಮೂವತ್ನಾಲ್ಕು ವರ್ಷದಲ್ಲಿ ಒಮ್ಮೆಯೂ ಇದು ತಪ್ಪಿರಲಿಲ್ಲ.

ಅವಳು ಚಾಚಿದ ಕೈಯನ್ನು ನೋಡಿದಳು, ಮುಟ್ಟಲಿಲ್ಲ.

"ಮೊದಲ ಗುಂಡಿಗೆ ಏನು ಸುರಿದೆ?"

"ಮರದ ಚಕ್ಕೆ ನೆನೆಸಿದ ಹೊಸ ನೀರು. ಗಟ್ಟಿಯಾಗೇ ಹಾಕ್ದೆ. ತೊಗಲು ಹದ ಮಾಡೋ ತರಬೇತೀಲಿ ಮೇಷ್ಟ್ರು ಹೇಳಿದ್ರಲ್ಲಮ್ಮ, ತೊಗಲಿನ ಎಳೆಗಳಿಗೆ ಒಗರು ಸೇತುವೆ ಕಟ್ಟುತ್ತೆ ಅಂತ. ಟೈರಿನ ರಬ್ಬರಿಗೆ ಗಂಧಕ ಹಾಕಿ ಕಾಯಿಸ್ತಾರಲ್ಲ, ಅದೂ ಇದೇ ಥರ ಅಂತೆ. ಒಗರು ಜಾಸ್ತಿ ಇದ್ರೆ ಸೇತುವೆನೂ ಜಾಸ್ತಿ."

"ಊರಬಾಗಿಲಲ್ಲೇ ಸೇತುವೆ ಎಲ್ಲ ಕಟ್ಟಿಬಿಟ್ರೆ ಊರೊಳಗೆ ಹೋಗೋರು ಯಾರೋ?" ಅವಳು ತೊಗಲಿನ ಕೊಯ್ದ ಅಂಚನ್ನು ಅವನ ಮೂಗಿಗೆ ಹಿಡಿದಳು. "ಕಾಣುತ್ತಾ?"

ಅವನಿಗೆ ಕಂಡಿತು. ಮುಖ ಇಳಿಯಿತು.

ಆಂಜಿಕು ಮರದ ಚಕ್ಕೆಯ ಒಗರು ಬಲು ಹಸಿದದ್ದು. ಗೇರಿನ ಕಾಯಿ ಕಚ್ಚಿದವನ ನಾಲಗೆ ಹೇಗೆ ಬಿಗಿಯುತ್ತದೋ ಹಾಗೆ ಅದು ತೊಗಲಿನ ಎಳೆಗಳನ್ನು ಹಿಡಿದು ಒಂದಕ್ಕೊಂದು ಬಿಗಿಯುತ್ತದೆ. ಹಾಗೆ ಬಿಗಿದ ಎಳೆ ಮತ್ತೆ ಕೊಳೆಯುವುದಿಲ್ಲ. ಆದರೆ ಮೊದಲ ದಿನವೇ ಗಟ್ಟಿ ನೀರು ಕೊಟ್ಟರೆ ಹೊರಗಿನ ಎಳೆಗಳೇ ಎಲ್ಲವನ್ನೂ ಕಬಳಿಸಿ ಬಾಗಿಲು ಹಾಕಿಕೊಳ್ಳುತ್ತವೆ. ಆಮೇಲೆ ಎಷ್ಟು ನೆನೆಸಿದರೂ ಒಳಗೆ ಇಳಿಯದು. ಅದಕ್ಕೇ ಮೊದಲು ಆಗಲೇ ಬಳಸಿ ಸತ್ವ ಕಳೆದ, ಹುಳಿ ಬಂದ ಹಳೆಯ ಚಕ್ಕೆ ನೀರು, ಆಮೇಲೆ ವಾರವಾರಕ್ಕೂ ಸ್ವಲ್ಪ ಸ್ವಲ್ಪ ಗಟ್ಟಿ. ಇದನ್ನು ಅವಳು ಅವನಿಗೆ ನೂರು ಸಲ ಹೇಳಿದ್ದಳು. ಯಾಕೆ ಎನ್ನುವುದನ್ನು ಮಾತ್ರ ಹೇಳಿರಲಿಲ್ಲ.

"ಹೋರಿ ಹಿಡಿಯೋ ಕಾಲ ಬಂದುಬಿಟ್ಟಿತ್ತಮ್ಮ. ಬೆಲಾರ್ಮಿನೊ ದಿನಾ ಬಂದು ಪ್ರಾಣ ತಿಂತಿದ್ದ. ಒಂದು ವರ್ಷ ಬಾಳಿಕೆ ಬಂದೇ ಬರುತ್ತೆ. ಯಾರಿಗೆ ಗೊತ್ತಾಗುತ್ತೆ?"

"ಬೆವರು ಕುಡಿದ ಮೇಲೆ ಗೊತ್ತಾಗುತ್ತೆ. ಒಳಗಿಂದ ಕೊಳೆಯುತ್ತೆ. ಹೊರಗೆ ಮಿರಿಮಿರಿ ಅಂತಿರುತ್ತೆ, ನಿನ್ನ ಥರ."

ಮೂಲೆಯ ಕಟ್ಟೆಯ ಮೇಲಿಂದ ಲಿಂಡೋಲ್ಫೊ ನಕ್ಕ. ದಾಮಿಯಾನಳ ತಮ್ಮ, ಬಲ ಮೊಣಕಾಲು ಮಡಚುವುದಿಲ್ಲ. ಇಪ್ಪತ್ತರ ವಯಸ್ಸಿನಲ್ಲಿ ಹೋರಿ ಹಾಯ್ದದ್ದೆಂದು ಊರಿಗೆಲ್ಲ ಗೊತ್ತು. "ಬೈಯೋದು ಸಾಕು ಮಾಡಿ ಕಾಫಿ ಕೊಡೇ. ನೀನಿಲ್ಲದ ಐದು ವಾರ ಇವನ ಕೈ ಕಾಫಿ ಕುಡಿದಿದ್ದೀನಿ. ಅದಕ್ಕಿಂತ ಆ ಗುಂಡಿ ನೀರೇ ವಾಸಿ."

ಅಷ್ಟರಲ್ಲಿ ಹೊರಗೆ ಬೆಲಾರ್ಮಿನೊನ ಲಾರಿ ನಿಂತಿತು. ಅವನು ಒಳಗೆ ಬಂದು ತೊಗಲುಗಳನ್ನು ತಟ್ಟಿ, ಮುದ್ರೆ ನೋಡಿ, ತೃಪ್ತಿಯಿಂದ ತಲೆಯಾಡಿಸಿದ. "ದಾಮಿಯಾನಮ್ಮ, ನಿಮ್ಮ ಮುದ್ರೆ ಇದ್ದಮೇಲೆ ಮುಗೀತು. ಕಟ್ಟಿ ಕೊಡಿ."

ಜೆನಿವಾಲ್ ಅವಳ ಕಡೆ ನೋಡಿದ. ಬೇಡುವ ನೋಟ. ಅದನ್ನು ಕಂಡು ಅವಳ ಸಿಟ್ಟು ಇಮ್ಮಡಿಯಾಯಿತು. ಯಾಕೆಂದರೆ ಆ ನೋಟ ಅವಳಿಗೆ ಚೆನ್ನಾಗಿ ಗೊತ್ತಿತ್ತು. ನಲವತ್ತೊಂಬತ್ತು ವರ್ಷದ ಹಿಂದೆ ಅಪ್ಪನ ಮುಂದೆ ಅವಳು ಅದೇ ನೋಟ ನೋಡಿದ್ದಳು, ಅಪ್ಪ ಸುಮ್ಮನಾಗಿದ್ದ.

"ಕಟ್ಟೋದಿಲ್ಲ," ಎಂದಳು. "ಇವು ಹಸಿ. ನನ್ನ ತಮ್ಮನ ಕಾಲು ನೋಡು, ಬೆಲಾರ್ಮಿನೊ. ಹೋರಿ ಹಾಯ್ದದ್ದು ಅಂತ ಕೇಳಿದ್ದೀಯಲ್ಲ, ಸುಳ್ಳು. ಅವತ್ತು ಇವನು ಹಾಕಿದ್ದದ್ದು ನಾನು ಹದ ಮಾಡಿದ ತೊಗಲಿನ ಕಾಲುಗವಸು. ಜಾತ್ರೆಗೆ ಹೋಗೋ ಆತುರಕ್ಕೆ ಗಟ್ಟಿ ನೀರು ಸುರಿದಿದ್ದೆ. ಆರೇ ತಿಂಗಳಿಗೆ ಒಳಗೆ ಕೊಳೆತು, ಮುರಿದ ಕೊಂಬೆಯ ಮೊನೆ ಅದನ್ನು ಕಾಗದದ ಹಾಗೆ ಹರಿದುಕೊಂಡು ಮೊಣಕಾಲಿಗೆ ನುಗ್ಗಿತು. ಮುದ್ರೆಯ ಮರ್ಯಾದೆ ಉಳೀಲಿ ಅಂತ ಮನೆಯವರೆಲ್ಲ ಸೇರಿ ಹೋರಿ ಮೇಲೆ ಹೊರಿಸಿದ್ವಿ."

ಲಿಂಡೋಲ್ಫೊ ಕಾಲು ನೀವಿಕೊಳ್ಳುತ್ತ, "ಪಾಪ, ಆ ಹೋರಿಗೆ ಇವತ್ತು ಬಿಡುಗಡೆ," ಎಂದ.

ಬೆಲಾರ್ಮಿನೊ ನಗಲಿಲ್ಲ. "ಹಾಗಾದ್ರೆ ಈ ವರ್ಷ ನನ್ನ ಹುಡುಗರು ಹಳೇ ಅಂಗೀಲೇ ಹೋಗ್ಬೇಕು. ಈ ಮುದ್ರೆ ನಂಬಿಕೊಂಡು ನಮ್ಮಪ್ಪನೂ ಕಾಡಿಗೆ ಹೋಗ್ತಿದ್ದ," ಎಂದು ಹೇಳಿ ಖಾಲಿ ಲಾರಿ ತಿರುಗಿಸಿಕೊಂಡು ಹೋದ. ಅವನು ಮತ್ತೆ ಬರುವನೋ ಇಲ್ಲವೋ ಹೇಳುವಂತಿರಲಿಲ್ಲ.

ದಾಮಿಯಾನ ಚಾಕುವನ್ನು ಜೆನಿವಾಲನ ಕೈಗಿಟ್ಟಳು. "ಎಲ್ಲಾದರ ಮುದ್ರೆ ಕೊಯ್ದು ಹಾಕು. ಉಳಿದದ್ದು ಯಾರಿಗಾದ್ರೂ ಬೇಲಿ ಕಟ್ಟೋಕೆ ಆಗುತ್ತೆ."

ಮೂವತ್ತೆರಡು ಮುಗಿಸುವಷ್ಟರಲ್ಲಿ ಅವನ ಹೆಬ್ಬೆರಳಿನಲ್ಲಿ ಬೊಬ್ಬೆ ಎದ್ದಿತ್ತು. ಮುದ್ರೆಯ ತುಂಡುಗಳನ್ನು ಅವಳ ಕಾಲ ಬಳಿ ಸುರಿದು, ತಲೆ ಎತ್ತದೆ, "ಆಶೀರ್ವಾದ ಮಾಡಮ್ಮಾ," ಎಂದ.

"ದೇವರು ಒಳ್ಳೇದು ಮಾಡಲಿ," ಎಂದಳು. ಸಿಟ್ಟು ಇಳಿದಿರಲಿಲ್ಲ. "ಆ ಮೊದಲ ಗುಂಡಿ ಬಳಿದುಹಾಕು. ಹಳೇ ನೀರು ತುಂಬು. ಕೈ ಅದ್ದಿ ನೆಕ್ಕಿ ನೋಡು. ನಾಲಗೆ ಬಿಗಿದ್ರೆ ಚೆಲ್ಲಿ ಮತ್ತೆ ತುಂಬು."