ಭಂಗಾರದ ಕಾರಿಗೆ ಎರಡು ಮಣೆ

ಗುಜರಾತಿನಲ್ಲಿ ಗುಜರಿ ಸಾಮಾನಿಗೆ ‘ಭಂಗಾರ್’ ಎನ್ನುತ್ತಾರೆ. ನನ್ನ ಗಂಡ ಅದನ್ನು ಕನ್ನಡದಲ್ಲಿ ಕೇಳಿಸಿಕೊಂಡರು ಎನ್ನುವುದೇ ನನ್ನ ಸಂಸಾರದ ಗೋಳು. ಉಡುಪಿಯಿಂದ ಅಹಮದಾಬಾದಿಗೆ ಬಂದ ಮೊದಲ ವಾರ, ಚಾಂದ್‌ಖೇಡಾದ ನಮ್ಮ ಕ್ವಾರ್ಟರ್ಸಿನ ಕೆಳಗೆ ತಳ್ಳುಗಾಡಿಯವನು “ಭಂಗಾರ್, ಭಂಗಾರ್” ಎಂದು ಕೂಗಿದಾಗ ಕಿಟಕಿಗೆ ಓಡಿದವರು ಆಮೇಲೆ ಗುಜರಿಯಿಂದ ಕಣ್ಣೇ ತೆಗೆಯಲಿಲ್ಲ.

ವಾರವಿಡೀ ಆಫೀಸಿನಲ್ಲಿ ಇಂಜಿನಿಯರು, ಭಾನುವಾರ ಕಾರು ಕಟ್ಟುವವರು. ಯಾವುದೋ ಹಳೇ ಇಂಜಿನ್, ಪುಸ್ತಕ ನೋಡಿ ಬೆಸೆದ ಚೌಕಟ್ಟು, ಮೇಲೆ ತಗಡು. ಮೂರು ವರ್ಷಕ್ಕೆ ಅದು ಓಡಿತು ಕೂಡ. ಇವರು ಮಡಚಿದ ಗೋಣಿಚೀಲದ ಮೇಲೆ ಕೂತು ಓಡಿಸಿದರು. ಇಂಜಿನ್ನಿಗೆ, ಬ್ಯಾಟರಿಗೆ, ಸ್ಟೆಪ್ನಿಗೆ ಜಾಗ ಇಟ್ಟ ಮಹಾನುಭಾವರು ಮನುಷ್ಯರಿಗೆ ಸೊಂಟದ ಕೆಳಗೂ ಒಂದು ಭಾಗವಿದೆ ಎನ್ನುವುದನ್ನು ಮರೆತಿದ್ದರು.

ಪುಷ್ಪಕ ವಿಮಾನದಲ್ಲಿ ಎಷ್ಟು ಜನ ಹತ್ತಿದರೂ ಇನ್ನೊಬ್ಬರಿಗೆ ಜಾಗ ಉಳಿಯುತ್ತಿತ್ತಂತೆ. ನಮ್ಮದರಲ್ಲಿ ಕಟ್ಟಿಕೊಂಡ ಹೆಂಡತಿಗೇ ಜಾಗವಿಲ್ಲ! ಸೂರತ್ತಿನ ವರಾಛಾದಲ್ಲಿ ಹೋಟೆಲು ನಡೆಸುವ ನನ್ನಣ್ಣ ಎಸ್‌ಟಿಡಿ ಮಾಡಿ, “ಎಂತ, ಭಾವನ ರಥ ಹೊರಟಿತಾ?” ಎಂದು ನಗುತ್ತಿದ್ದ. ನನಗೆ ಮೈಯೆಲ್ಲ ಉರಿಯುತ್ತಿತ್ತು. ನನ್ನ ಗಂಡನನ್ನು ನೋಡಿ ನಗಲು ನಾನಿಲ್ಲವೇ?

ಕಡೆಗೆ ಹೇಳಿಬಿಟ್ಟೆ: “ಆಯುಧಪೂಜೆಯ ದಿನ ನನ್ನನ್ನು ಸರಿಯಾದ ಸೀಟಲ್ಲಿ ಕೂರಿಸಿ ಒಂದು ರೌಂಡ್ ಕರ್ಕೊಂಡು ಹೋಗಬೇಕು. ಆಗದಿದ್ರೆ ಅದು ಭಂಗಾರಿನವನಿಗೆ. ಆಯ್ತಾ?”

ಇವರ ಮುಖ ಸಪ್ಪಗಾಯಿತು. ಆದರೂ ತಲೆಯಾಡಿಸಿದರು.

ವ್ಯಾನಿನ ಸೀಟು ತಂದರು. ತಲೆ ಛಾವಣಿಗೆ ಬಡಿಯಿತು. ವಡೋದರಾಕ್ಕೆ ಹೋಗಿ ಮುಚ್ಚಿದ ಸಿನೆಮಾ ಟಾಕೀಸಿನ ಕುರ್ಚಿ ತಂದರು. ಅದು ಬಾಗಿಲಲ್ಲೇ ಸಿಕ್ಕಿಹಾಕಿಕೊಂಡಿತು. ಸೀಟು ಹೊಲಿಯುವ ಜಗದೀಶಭಾಯಿ ಬಂದು ಬಗ್ಗಿ ನೋಡಿ, “ಸೀಟ್ ತೋ ಬನ್ ಜಾಯೇಗಾ ಸಾಹೇಬ್, ಬೈಠೇಗಾ ಕೌನ್?” ಎಂದ. ಸೀಟೇನೋ ಆದೀತು, ಕೂರುವವರು ಯಾರಂತೆ! ನಾನು ಬಿದ್ದು ಬಿದ್ದು ನಕ್ಕೆ.

“ಅಷ್ಟು ತಗ್ಗಿಗೆ ಊಟದ ಮಣೆಯೇ ಸರಿ ಮಾರಾಯ್ರೆ, ಅದನ್ನೇ ಹಾಕಿಕೊಳ್ಳಿ!” ಎಂದೂ ಹಂಗಿಸಿದೆ.

ಹೇಳಿ ನಾಲಿಗೆ ಕಚ್ಚಿಕೊಂಡೆ. ಇವರು ಆಗಲೇ ಟೇಪು ಹಿಡಿದು ಒಳಗೆ ಓಡಿದ್ದರು. ಮನೆಯಲ್ಲಿದ್ದದ್ದು ಎರಡೇ ಮಣೆ. ಒಂದು ಇವರು ಇಲ್ಲೇ ಮಾಡಿಸಿದ್ದು. ಇನ್ನೊಂದು ಮದುವೆಯಲ್ಲಿ ಅಮ್ಮ ಕೊಟ್ಟ ಹಲಸಿನ ಮರದ್ದು. ಅಮ್ಮ ಈಗಿಲ್ಲ.

“ಅಮ್ಮನ ಮಣೆಗೆ ಗರಗಸ ತಾಗಿದ್ರೆ ನಾನು ಊರಿಗೆ ಹೋಗ್ತೇನೆ, ಹೇಳಿದ್ದೇನೆ!”

“ಎಂತದೂ ಆಗುದಿಲ್ಲ ಮಾರಾಯ್ತಿ,” ಎನ್ನುತ್ತ ಎರಡನ್ನೂ ಎತ್ತಿಕೊಂಡು ಕೆಳಗಿಳಿದರು. ಮಧ್ಯಾಹ್ನವಿಡೀ ಕೊಯ್ಯುವ ಸದ್ದು. ನಾನು ಅಡುಗೆಮನೆಯಲ್ಲಿ ಕೂತು ಅತ್ತೆ. ಇಳಿದು ನೋಡುವ ಧೈರ್ಯವಾಗಲಿಲ್ಲ.

ಆಯುಧಪೂಜೆಯ ಬೆಳಿಗ್ಗೆ ಹೋದೆ. ಇವರ ಮಣೆ ಎರಡೂ ಬದಿ ಕೊಯ್ಸಿಕೊಂಡು ಬಡಕಲಾಗಿತ್ತು. ಅಮ್ಮನದು ಮೂಲೆಯ ಹೂವಿನ ಕೆತ್ತನೆ ಸಮೇತ ಹಾಗೇ ಇತ್ತು. ಅದು ಒಳಗೆ ಹಿಡಿಯದ್ದಕ್ಕೆ ಇವರು ಕಾರನ್ನೇ ಕೊಯ್ದಿದ್ದರು! ಮೂರು ವರ್ಷ ಉಜ್ಜಿ ಉಜ್ಜಿ ಬಣ್ಣ ಬಳಿದ ತಗಡನ್ನು ಹೊರಕ್ಕೆ ಉಬ್ಬಿಸಿ ಬೆಸೆದಿದ್ದರಿಂದ ಕಾರು ಒಂದು ಬದಿಗೆ ಮಂಗನಬಾವು ಬಂದ ಕೆನ್ನೆಯಂತೆ ಊದಿಕೊಂಡಿತ್ತು.

ಅಭ್ಯಾಸಬಲ, ಚಕ್ಕಳಮಕ್ಕಳ ಹಾಕಿಕೊಂಡೇ ಕೂತೆ. ತಲೆ ಎಲ್ಲೂ ತಾಗಲಿಲ್ಲ.

“ಹ್ಯಾಗುಂಟು?” ಎಂದರು, ಪರೀಕ್ಷೆ ಬರೆದವರ ಹಾಗೆ.

ಹೊಗಳುವ ಅಭ್ಯಾಸ ನನಗೆ ಮೊದಲಿಂದಲೂ ಇಲ್ಲ. “ಕೂತದ್ದಾಯ್ತು, ಇನ್ನು ಎಲೆ ಹಾಕಿ ಬಡಿಸಿ,” ಎಂದೆ.

ಕಾರು ಹೊರಟು ಗೇಟಿನ ಹತ್ತಿರ ಬಂದಾಗ ತಳ್ಳುಗಾಡಿಯವನು ನಮ್ಮ ಕಾರನ್ನು ನೋಡಿ ಆಸೆಯಿಂದ ನಿಂತ. ನಾನು ತಲೆ ಹೊರಗೆ ಹಾಕಿ, “ಹೋಗಯ್ಯಾ, ಇದು ಬಂಗಾರ!” ಎಂದು ಕನ್ನಡದಲ್ಲೇ ಗದರಿದೆ. ಅವನು ಅದನ್ನು ಗುಜರಾತಿಯಲ್ಲಿ ಕೇಳಿಸಿಕೊಂಡು, ಹೆದ್ದಾರಿಯವರೆಗೂ ನಮ್ಮ ಹಿಂದೆಯೇ ಗಾಡಿ ತಳ್ಳಿಕೊಂಡು ಬಂದ.