ಅಮ್ಮನ ಮಿಷನ್ನಿಗೆ ಹೊಂದುವ ವಯರು

ಅಮ್ಮನ ಕಿವಿಯ ಮಿಷನ್ನನ್ನು ಅಣ್ಣ ಬಹರೈನಿನಿಂದ ತಂದಿದ್ದ. ಬೆಂಕಿಪೆಟ್ಟಿಗೆಗಿಂತ ತುಸು ದೊಡ್ಡ ಡಬ್ಬಿ, ಅದರಿಂದ ಹೊರಡುವ ವಯರು, ವಯರಿನ ತುದಿಗೆ ಬಟನ್, ಬಟನ್ನಿಗೆ ಸಿಕ್ಕಿಸುವ ಕಿವಿಯ ಅಚ್ಚು. ಡಬ್ಬಿಯೊಳಗೆ ಒಂದು ಪೆನ್ಸಿಲ್ ಸೆಲ್. ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಮಂಗಳೂರಿನವರು ಕಂಡ ಕಿವಿಯ ಮಿಷನ್ ಎಂದರೆ ಇಷ್ಟೇ. ಅಣ್ಣ ಅದನ್ನು ಅಮ್ಮನ ಕೈಗಿಟ್ಟು, ರಜೆ ಮುಗಿಸಿ, ಬೊಂಬಾಯಿಯ ಬಸ್ಸು ಹತ್ತಿದ. ತಂದುಕೊಟ್ಟ ಪುಣ್ಯ ಅವನಿಗೆ, ಅದನ್ನು ಸಾಕುವ ಕೆಲಸ ನನಗೆ. ನಾನು ಮದುವೆಯಾಗದೆ ಮನೆಯಲ್ಲೇ ಉಳಿದವಳು, ಬಂದರಿನ ಹತ್ತಿರದ ಒಂದು ಆಫೀಸಿನಲ್ಲಿ ಟೈಪಿಸ್ಟ್. ಇಂಥ ಕೆಲಸಗಳೆಲ್ಲ ಯಾರೂ ಹೇಳದೆಯೇ ನನ್ನ ತಲೆಗೆ ಬಂದು ಕೂರುತ್ತಿದ್ದವು.

ಡಬ್ಬಿ ಗಟ್ಟಿಮುಟ್ಟಾಗಿತ್ತು. ಅಚ್ಚನ್ನು ಕಿವಿಯ ಡಾಕ್ಟರರು ಅಳತೆ ತೆಗೆದು ಮಾಡಿಸಿಕೊಟ್ಟಿದ್ದರು, ಅದೂ ಸರಿ ಇತ್ತು. ಹಾಳಾಗುತ್ತಿದ್ದದ್ದು ವಯರು ಮಾತ್ರ. ಕೆಲವು ವಾರ ಚೆನ್ನಾಗಿ ಕೇಳುವುದು, ಆಮೇಲೆ ಕರಕರ ಸದ್ದು, ಆಮೇಲೆ ಬಿಟ್ಟು ಬಿಟ್ಟು ಕೇಳುವುದು, ಕೊನೆಗೆ ಏನೂ ಇಲ್ಲ. ಅಮ್ಮ ಡಬ್ಬಿಯನ್ನು ಅಂಗೈಗೆ ಕುಟ್ಟಿ ನನ್ನ ಮುಖ ನೋಡುತ್ತಿದ್ದಳು. ನಾನೇ ಬಾಯಿ ಮುಚ್ಚಿಕೊಂಡಿದ್ದೇನೆ ಎಂಬಂತೆ.

ವಯರು ಹೊಂದಿಸುವುದು ಸೆಲ್ ಬದಲಿಸಿದ ಹಾಗಲ್ಲ. ಅಮ್ಮನ ಮಿಷನ್ನಿನ ಪಿನ್ನಿಗೆ ಒಂದು ಕಾಲು ದಪ್ಪ, ಇನ್ನೊಂದು ತೆಳು. ಹಂಪನಕಟ್ಟೆಯ ರೇಡಿಯೊ ಅಂಗಡಿಯಲ್ಲಿ ಸಿಗುತ್ತಿದ್ದ ವಯರಿನಲ್ಲಿ ಎರಡು ಕಾಲೂ ಸಮ. ಕೆಲವಕ್ಕೆ ಮೂರು ಕಾಲು. ಪಿನ್ನು ಸರಿಯಾದರೆ ಉದ್ದ ಸಾಲದು. ನಮಗೆ ಉದ್ದದ್ದೇ ಬೇಕಿತ್ತು, ಏಕೆಂದರೆ ಅಮ್ಮ ವಯರನ್ನು ಎಲ್ಲರ ಹಾಗೆ ಎದುರಿನಿಂದ ಇಳಿಬಿಡುತ್ತಿರಲಿಲ್ಲ. ಕಿವಿಯಿಂದ ಹಿಂದಕ್ಕೆ ತಂದು, ತುರುಬಿನ ಅಡಿಯಲ್ಲಿ ದಾಟಿಸಿ, ಕೂದಲಿನ ಪಿನ್ನು ಚುಚ್ಚಿ ನಿಲ್ಲಿಸಿ, ಬೆನ್ನಿನ ಕಡೆಯಿಂದ ರವಿಕೆಯೊಳಗೆ ಇಳಿಸಿ, ಸುತ್ತಿಸಿ ಎದೆಯ ಹತ್ತಿರ ಹೊಲಿದ ಬಟ್ಟೆಯ ಸಂಚಿಗೆ ಮುಟ್ಟಿಸುವಳು. ಮದುವೆಗೆ ಹೋದರೂ ಸತ್ತವರ ಬೊಜ್ಜದ ಊಟಕ್ಕೆ ಹೋದರೂ ನಮ್ಮವರ ಕಣ್ಣು ಮೊದಲು ಹೋಗುವುದು ಹೆಂಗಸರ ಕುತ್ತಿಗೆಗೆ. ಅಲ್ಲಿ ಸರದ ಜೊತೆ ವಯರು ಕಾಣುವುದು ಅಮ್ಮನಿಗೆ ಬೇಡವಾಗಿತ್ತು.

ಅಂಗಡಿಯವನು ಹಾಳಾದ ವಯರಿನ ಎರಡು ತುದಿಯನ್ನು ಮಾತ್ರ ನೋಡುವನು.

"ಇದು ಬೆವರು ಅಕ್ಕ. ನಮ್ಮ ಊರಿನ ಸೆಕೆಗೆ ಫಾರಿನ್ ಸಾಮಾನು ಎಲ್ಲಿ ತಡೀತದೆ?"

"ನಿಮ್ಮ ಹತ್ರ ಇರುವುದು ಎಷ್ಟು ದಿನ ತಡೀತದೆ?"

"ಪಿನ್ನನ್ನು ಸ್ವಲ್ಪ ಅರ ಹಾಕಿ ತೆಳು ಮಾಡಿ ಕೊಡ್ತೇನೆ. ಹಾಕಿ ನೋಡುವ."

ಹಾಕಿ ನೋಡಿದೆವು. ಅರ ಹಾಕಿದ ಪಿನ್ನು ಅಲ್ಲಾಡಿತು, ಅಮ್ಮ ಬಗ್ಗಿದರೆ ಕೇಳುವುದು, ನೆಟ್ಟಗೆ ನಿಂತರೆ ಇಲ್ಲ. ಡಾಕ್ಟರರೂ ಬೆವರು ಎಂದರು, ಅಣ್ಣನೂ ಕಾಗದದಲ್ಲಿ ಬೆವರು ಎಂದು ಬರೆದ. ಹಾಗಾಗಿ ನಾನು ದಿನಾ ಬೆಳಿಗ್ಗೆ ಅಮ್ಮನ ಬೆನ್ನಿಗೆ ಕುತ್ತಿಗೆಗೆ ಪೌಡರ್ ಹಾಕತೊಡಗಿದೆ. ಪೌಡರ್ ಹೋಗಿ ಡಬ್ಬಿಯ ತೂತಿನಲ್ಲಿ ಕೂತಿತು. ಸೂಜಿಯಲ್ಲಿ ಕೆರೆದು ತೆಗೆಯುವುದು ಇನ್ನೊಂದು ಕೆಲಸವಾಯಿತು. ಒಮ್ಮೆ ಅಣ್ಣ ಕಳಿಸಿದ ಪೊಟ್ಟಣದಲ್ಲಿ ಎರಡು ಕಿವಿಗೂ ಹೋಗುವ ಕವಲು ವಯರು ಬಂತು. ಮಿಷನ್ ಇದ್ದದ್ದು ಒಂದು ಕಿವಿಗೆ. ಇನ್ನೊಂದು ಕವಲು ಬೆನ್ನ ಹಿಂದೆ ಬಾಲದ ಹಾಗೆ ನೇತಾಡುತ್ತಿತ್ತು. ನನಗೆ ನಗು ಬಂತು, ಅಮ್ಮನಿಗೆ ಸಿಟ್ಟು ಬಂತು. ಸರಿಯಾದ ವಯರು ಗಲ್ಫಿನಿಂದ ಯಾರಾದರೂ ಊರಿಗೆ ಬರುವಾಗ ಒಂದೊಂದಾಗಿ ಬರುತ್ತಿತ್ತು, ಬಂದದ್ದೂ ಉಳಿದವುಗಳ ಹಾದಿಯನ್ನೇ ಹಿಡಿಯುತ್ತಿತ್ತು.

ಅಪ್ಪ ಇದಕ್ಕೆಲ್ಲ ತಲೆ ಹಾಕಿದವರಲ್ಲ. ಕುದ್ರೋಳಿಯಲ್ಲಿ ಅವರದು ಹಗ್ಗ, ಗೋಣಿಚೀಲದ ಸಣ್ಣ ಅಂಗಡಿ. ಮಾತಿನಲ್ಲಿ ಭಾರೀ ಕಂಜೂಸ್. ಸಂಜೆ ಅಂಗಡಿ ಮುಚ್ಚಿ ಉರ್ವ ಮಾರ್ಕೆಟ್ಟಿನಲ್ಲಿ ಬಸ್ಸಿಳಿದು, ಬಾಳೆಲೆಯಲ್ಲಿ ಸುತ್ತಿದ ಮಲ್ಲಿಗೆ ತಂದು ಅಡುಗೆಮನೆಯ ಕಿಟಕಿಯಲ್ಲಿ ಇಡುತ್ತಿದ್ದರು. ಕೈಗೆ ಕೊಡುತ್ತಿರಲಿಲ್ಲ, "ತಗೋ" ಎಂದೂ ಹೇಳುತ್ತಿರಲಿಲ್ಲ. ಅಮ್ಮ ಕೈಕಾಲು ತೊಳೆದು ಬಂದು, ಎಲೆ ಬಿಚ್ಚಿ, ನೀರು ತೊಟ್ಟಿಕ್ಕುವ ಮಾಲೆಯನ್ನು ಹಾಗೇ ಮುಡಿಯುವಳು. ಅದು ನನ್ನ ತಿಳಿವಳಿಕೆಯಲ್ಲಿ ಒಂದು ದಿನವೂ ತಪ್ಪಿದ್ದಿಲ್ಲ.

ಆಮೇಲೆ ಅಪ್ಪನಿಗೆ ಪಕ್ಷವಾತ ಬಡಿಯಿತು. ಎಡಭಾಗ ಬಿದ್ದುಹೋಯಿತು, ಸ್ವರ ನೂಲಿನಷ್ಟಾಯಿತು. ವಿಚಿತ್ರವೆಂದರೆ ಜೀವಮಾನವಿಡೀ ಮಾತಾಡದ ಮನುಷ್ಯನಿಗೆ ಆಗ ಅಮ್ಮನ ಹತ್ತಿರ ಮಾತಾಡಬೇಕಿತ್ತು. ಅವರು ಹೇಳಿದ್ದನ್ನು ನಾನು ಅಮ್ಮನ ಕಿವಿಗೆ ಕಿರುಚಿ ಹೇಳಿದರೆ ಬಾಯಿ ಮುಚ್ಚಿ ಗೋಡೆ ನೋಡುವರು. ಹೆಂಡತಿಗೆ ಹೇಳುವ ಮಾತು ಮಗಳ ಬಾಯಿಂದ ಊರಿಗೆಲ್ಲ ಕೇಳುವುದು ಯಾರಿಗೆ ಬೇಕು? ಅಮ್ಮ ನನ್ನನ್ನು ಅಡುಗೆಮನೆಗೆ ಕರೆದು ಹೇಳಿದಳು.

"ನನಗೆ ಬೇರೆ ಯಾರದ್ದೂ ಕೇಳುವುದು ಬೇಡ ಮಾರಾಯ್ತಿ. ಅವರು ಹೇಳುವುದೊಂದು ಕೇಳಿದ್ರೆ ಸಾಕು. ಸರಿಯಾದ ವಯರು ಒಂದು ತಂದುಕೊಡು."

ಆ ತಿಂಗಳುಗಳಲ್ಲಿ ನನಗೆ ದುಃಖವಾಗಲೀ ಹೆದರಿಕೆಯಾಗಲೀ ಇದ್ದ ನೆನಪಿಲ್ಲ. ಬೆಳಿಗ್ಗೆ ಅಪ್ಪನ ಬಟ್ಟೆ ಒಗೆಯುವುದು, ಆಫೀಸು, ಹಂಪನಕಟ್ಟೆ, ಬಸ್ಸು. ಮೈ ಮರಗಟ್ಟಿದ ಹಾಗೆ ಓಡಾಡುತ್ತಿದ್ದೆ. ಅಣ್ಣನಿಗೆ ಟ್ರಂಕ್ ಕಾಲ್ ಮಾಡಿ, ಪಿನ್ನಿನ ಕಾಲು ದಪ್ಪ ಯಾವುದು, ತೆಳು ಯಾವುದು ಎಂದು ಬಿಡಿಸಿ ಹೇಳಿದೆ. ಯಾರಾದರೂ ಬರುವವರ ಕೈಯಲ್ಲಿ ಕಳಿಸುತ್ತೇನೆ ಎಂದ. ಅಲ್ಲಿಯವರೆಗೆ ಅಂಗಡಿಯವನು ಹಳೆಯ ವಯರುಗಳನ್ನು ತುಂಡರಿಸಿ ಜೋಡಿಸಿ ಕೊಡುತ್ತಿದ್ದ. ಅದನ್ನು ಚೀಲಕ್ಕೆ ಹಾಕಿಕೊಂಡು ಉರ್ವದಲ್ಲಿ ಇಳಿಯುತ್ತಿದ್ದೆ, ಮಾರ್ಕೆಟ್ಟಿನಿಂದ ಮಲ್ಲಿಗೆ ತೆಗೆದುಕೊಂಡು ಅದೇ ಚೀಲಕ್ಕೆ ಹಾಕುತ್ತಿದ್ದೆ. ಮನೆಗೆ ಕಾಲಿಟ್ಟ ಕೂಡಲೇ ಅಪ್ಪ ನನ್ನ ಹತ್ತಿರ ಕೇಳುತ್ತಿದ್ದದ್ದು ಒಂದೇ.

"ಹೂ ಉಂಟಾ?"

"ಉಂಟು ಅಪ್ಪ."

ಅಮ್ಮ ಅವರ ಎದುರಿನಲ್ಲೇ ಕುಳಿತು ಮುಡಿಯುವಳು. ಒಂದು ಕೈಯಲ್ಲಿ ಮಾಲೆ, ಒಂದು ಕೈಯಲ್ಲಿ ವಯರು. ಎರಡನ್ನೂ ತುರುಬಿಗೆ ಒತ್ತಿ ಹಿಡಿದು "ಪಿನ್ನು ಹಾಕು" ಎನ್ನುವಳು, ನಾನು ಹಾಕುತ್ತಿದ್ದೆ.

ಕೊನೆಯ ಸಂಜೆ ಅಪ್ಪ ತುಂಬ ಹೊತ್ತು ಮಾತಾಡಿದರು. ನಾನು ಒಲೆಯ ಹತ್ತಿರ ಗಂಜಿ ಬಸಿಯುತ್ತಿದ್ದೆ. ಅವರ ತುಟಿ ಆಡುವುದು ಕಾಣುತ್ತಿತ್ತು, ಮಾತು ಕೇಳುವಷ್ಟು ಹತ್ತಿರವಿರಲಿಲ್ಲ. ಅಮ್ಮ ಎದೆಯ ಸಂಚಿಯನ್ನು ಕುಟ್ಟುತ್ತಿದ್ದಳು, ಕಿವಿಯ ಬಟನ್ ಒತ್ತುತ್ತಿದ್ದಳು, ನಡುನಡುವೆ ತಲೆಯಾಡಿಸುತ್ತಿದ್ದಳು. ಕೇಳಿದವರು ತಲೆಯಾಡಿಸುವ ರೀತಿ ಬೇರೆ. ಮಾರನೆಯ ಬೆಳಿಗ್ಗೆ ಅಪ್ಪ ಹೋದರು.

ಅಣ್ಣ ಬಂದ, ಕಾರ್ಯಗಳೆಲ್ಲ ಆದವು. ಅವನ ಪೆಟ್ಟಿಗೆಯಲ್ಲಿ ವಯರಿತ್ತು. ಅದೇ ಕಂಪೆನಿ, ಅದೇ ಪಿನ್ನು, ಅದೇ ಉದ್ದ, ಮೊದಲು ಬಂದ ಸರಿಯಾದ ವಯರುಗಳ ಹಾಗೆಯೇ. ಬೊಜ್ಜ ಮುಗಿದ ಮೇಲೆ ನಾನು ಅದನ್ನು ಮಿಷನ್ನಿಗೆ ಸಿಕ್ಕಿಸಿ ಅಮ್ಮನಿಗೆ ಕೊಟ್ಟೆ. ಅಮ್ಮ ಮೊದಲು ಕೇಳಿದ್ದು ಇದನ್ನು.

"ಆ ದಿನ ಸಂಜೆ ಅವರು ಎಂತ ಹೇಳಿದ್ರು? ನಿನಗೆ ಕೇಳಿತಾ?"

"ಇಲ್ಲಮ್ಮ."

ಅವಳು ಮತ್ತೆ ಕೇಳಲಿಲ್ಲ.

ಮಳೆಗಾಲ ಕಳೆಯಿತು, ಬೇಸಗೆಯ ಸೆಕೆ ಬಂತು. ಅಮ್ಮ ಬೆವರಿನಲ್ಲಿ ಮಿಂದು ಹೋಗುತ್ತಿದ್ದಳು, ವಯರಿಗೆ ಏನೂ ಆಗಲಿಲ್ಲ. ಒಂದು ಭಾನುವಾರ ಅವಳು ತಲೆ ಬಾಚಿಕೊಳ್ಳುತ್ತಿದ್ದಾಗ ನಾನು ಹಿಂದೆ ಕುಳಿತು ಅಕ್ಕಿ ಆರಿಸುತ್ತಿದ್ದೆ. ಹೂವಿಲ್ಲದ ತುರುಬು. ಗಂಡ ಹೋದವರು ಹೂ ಮುಡಿಯಬಾರದು ಎಂದು ಅತ್ತೆಯಂದಿರು ಹೇಳಬೇಕಾಗಿಯೂ ಬರಲಿಲ್ಲ, ಅವಳೇ ಬಿಟ್ಟಿದ್ದಳು. ಹೂವಿಲ್ಲದ ಮೇಲೆ ಪಿನ್ನೂ ಇಲ್ಲ. ವಯರು ಕುತ್ತಿಗೆಯ ಹಿಂದೆ ಸುಮ್ಮನೆ ಇಳಿದಿತ್ತು, ಒಣಗಿತ್ತು.

ನಾನು ಎದ್ದು ಹೋಗಿ ಹೊಲಿಗೆಯ ಡಬ್ಬ ತೆಗೆದೆ. ಸತ್ತ ವಯರುಗಳನ್ನೆಲ್ಲ ಅದರಲ್ಲೇ ಹಾಕಿಡುತ್ತಿದ್ದೆ. ಅಂಗಡಿಯವನ ಕೈ ಸೇರದೆ ಉಳಿದವನ್ನು ಬಿಡಿಸಿ ನೋಡಿದೆ. ಕಿವಿಯ ತುದಿಯಿಂದ ಒಂದು ಗೇಣಿನ ಕೆಳಗೆ, ಎಲ್ಲದರಲ್ಲೂ ಅದೇ ಜಾಗದಲ್ಲಿ, ಕೂದಲಿನ ಪಿನ್ನು ಒತ್ತಿದ ಗಾಯ. ಮೇಲಿನ ಸಿಪ್ಪೆ ಒಡೆದು ಒಳಗಿನ ತಾಮ್ರಕ್ಕೆ ಹಸಿರು ಹಿಡಿದಿತ್ತು. ಒಂದರಲ್ಲಿ ಹೂ ಕಟ್ಟುವ ಬಾಳೆನಾರಿನ ಎಳೆ ಇನ್ನೂ ಅಂಟಿಕೊಂಡಿತ್ತು. ಬೆವರೂ ಅಲ್ಲ, ಕಂಪೆನಿಯೂ ಅಲ್ಲ. ದಿನಾ ಸಂಜೆ ಅಪ್ಪ ತಂದ ಹೂವಿನ ನೀರು.

ಅಳು ಬರಲಿಲ್ಲ. ಎದೆಯೊಳಗೆ ಏನೋ ಇರಬೇಕಾದ ಜಾಗದಲ್ಲಿ ಏನೂ ಇರಲಿಲ್ಲ. ಡಬ್ಬ ಮುಚ್ಚಿಟ್ಟು ಬಂದು ಮತ್ತೆ ಅಕ್ಕಿಯ ಎದುರು ಕುಳಿತೆ.

ಅಮ್ಮ ತುರುಬು ಕಟ್ಟಿ ಮುಗಿಸಿ, ವಯರನ್ನು ಬೆರಳಿನಲ್ಲಿ ಸವರಿ ನೋಡಿದಳು.

"ಈ ವಯರು ಒಳ್ಳೇದುಂಟು. ಇದನ್ನೇ ನೀನು ಮೊದಲು ತರಿಸಿದ್ರೆ ಅವರು ಹೇಳಿದ್ದೆಲ್ಲ ನನಗೆ ಕೇಳ್ತಿತ್ತು."

ಎದುರುತ್ತರ ಕೊಡದೆ ಬಿಟ್ಟವಳಲ್ಲ ನಾನು. ಹೂವಿನ ನೀರಿನ ಮಾತು ಬಾಯಿಯವರೆಗೆ ಬಂದಿತ್ತು.

"ಹೌದಮ್ಮ," ಎಂದೆ. "ಮೊದಲಿನದ್ದೆಲ್ಲ ನಾನು ತಂದದ್ದೇ ಸರಿ ಇರಲಿಲ್ಲ."

ರೂಢಿಯಂತೆ ಗಟ್ಟಿಯಾಗಿಯೇ ಹೇಳಿದೆ. ಅಷ್ಟು ಗಟ್ಟಿಯಾಗಿ ಹೇಳಬೇಕಾಗಿರಲಿಲ್ಲ, ಅವಳಿಗೆ ಈಗ ಎಲ್ಲವೂ ಕೇಳುತ್ತಿತ್ತು.