ಮಾಳಮ್ಮ ಒತ್ತದ ಬಟನ್

ಮಾಳಮ್ಮನ ಬಲಗೈಯಲ್ಲಿ ಬಟನ್ ಇತ್ತು. ಅದನ್ನು ಅವಳು ಒತ್ತುತ್ತಿರಲಿಲ್ಲ. ಕರುಳಿನ ಗಂಟು ತೆಗೆಯಲು ಹೊಟ್ಟೆಯನ್ನು ಉದ್ದಕ್ಕೂ ಕೊಯ್ದಿದ್ದರು. ಹೊಲಿಗೆ ಜಗ್ಗುತ್ತದೆಂದು ಅವಳು ಉಸಿರನ್ನು ಗಂಟಲಿನಿಂದ ಕೆಳಗೆ ಇಳಿಯಗೊಡುತ್ತಿರಲಿಲ್ಲ. ಎದೆಯೊಳಗೆ ಕಫ ಗೊರಗುಟ್ಟುವುದು ಪಕ್ಕದಲ್ಲಿ ಕೂತ ಮಗಳು ಶೇಖಮ್ಮನಿಗೂ ಕೇಳುತ್ತಿತ್ತು.

ಯಾದಗಿರಿಯ ಆ ಆಸ್ಪತ್ರೆಯ ಡಾಕ್ಟರು ಬೆಳಿಗ್ಗೆಯೇ ಬಿಡಿಸಿ ಹೇಳಿದ್ದರು. ಬೆನ್ನೆಲುಬಿನ ಸಂದಿನಲ್ಲಿ ಎಳೆಯಂಥ ನಳಿಕೆ ಕೂಡಿಸಿದ್ದಾರೆ. ಕೆಲವರಿಗೆ ಅದರೊಳಗೆ ಹೊತ್ತುಹೊತ್ತಿಗೆ ಮದ್ದು ಚುಚ್ಚಿ ಬಿಡುತ್ತಾರೆ, ಕೆಲವರಿಗೆ ಯಂತ್ರ ತಾನಾಗಿ ಹನಿಸುತ್ತಲೇ ಇರುತ್ತದೆ. ಮಾಳಮ್ಮನದು ಕೇಳಿದರಷ್ಟೇ ಕೊಡುವ ಯಂತ್ರ. ನೋವಾದಾಗ ಒತ್ತಬೇಕು, ನೋವು ಇಳಿದಾಗ ಕೆಮ್ಮಿ ಕಫ ತೆಗೆಯಬೇಕು. ಕೆಮ್ಮದಿದ್ದರೆ ಪುಪ್ಪುಸ ಕಟ್ಟಿಕೊಂಡು ಜೀವಕ್ಕೇ ಕುತ್ತು ಬರುತ್ತದೆ.

ಮಧ್ಯಾಹ್ನಕ್ಕೆ ಮಾಳಮ್ಮನ ಮೈ ಕಾದಿತ್ತು. ಶೇಖಮ್ಮ ತನ್ನ ಕೂಸಿಗೆ ಹಾಲೂಡಿ ಮಂಚದ ಕೆಳಗೆ ಮಲಗಿಸಿದಳು. ಒತ್ತೆಂದು ತಾಯಿಯನ್ನು ಬೇಡಿಕೊಂಡಳು, ಬೈದಳು. ಕಡೆಗೆ ತಾಯಿಯ ಹೆಬ್ಬೆರಳ ಮೇಲೆ ತನ್ನ ಹೆಬ್ಬೆರಳಿಟ್ಟಳು. ಸಿಸ್ಟರ್ ದಡಬಡಿಸಿ ಬಂದರು.

"ನೀ ಒತ್ತಬ್ಯಾಡವ್ವ. ಮದ್ದು ಜಾಸ್ತಿಯಾದ್ರ ಪೇಶೆಂಟಿಗಿ ಮಂಪರು ಬರ್ತೈತಿ, ಕೈ ತಾನಾಗೇ ಬಿಡ್ತೈತಿ. ಬಾಜೂದವ್ರು ಒತ್ಕೋತ ಕುಂತ್ರ ಉಸಿರೇ ನಿಂತೀತು."

ಶೇಖಮ್ಮ ಕೆಂಡ ಮುಟ್ಟಿದವಳಂತೆ ಕೈ ಹಿಂದಕ್ಕೆಳೆದಳು. ಡಾಕ್ಟರು ಇನ್ನೊಂದು ಆಪರೇಶನ್‌ನಲ್ಲಿದ್ದರು. ಒತ್ತಬೇಕಾದವಳು ಒತ್ತುವುದಿಲ್ಲ, ಒತ್ತಬಲ್ಲವಳು ಒತ್ತುವಂತಿಲ್ಲ. ಅವಳಿಗೆ ಅಳು ಬಂತು.

ಆಗ ಮಾಳಮ್ಮ ಕಣ್ಣು ಹೊರಳಿಸಿ ಪಕ್ಕದ ಮಂಚ ನೋಡಿದಳು. ಅಲ್ಲಿ ಸುರಪುರದ ಖಾಜಾಬೀ. ಅವಳದೂ ಹೊಟ್ಟೆ ಕೊಯ್ದದ್ದೇ. ಮುಂದಿನ ಮದ್ದಿನ ಹೊತ್ತು ಇನ್ನೂ ಆಗಿರದೆ ನರಳುತ್ತಿದ್ದಳು.

"ಆಕಿಗಿ ಬಂತೇನ?" ಎಂದಳು ಮಾಳಮ್ಮ.

ಶೇಖಮ್ಮ ತಲೆಯೆತ್ತಿದಳು. ಎರಡು ಮಂಚಗಳ ನಡುವೆ ಒಂದೇ ಸ್ಟ್ಯಾಂಡು. ಅದಕ್ಕೇ ತಾಯಿಯ ಯಂತ್ರ, ಅದಕ್ಕೇ ಖಾಜಾಬೀಯ ಸಲೈನ್ ಬಾಟಲಿ. ಎರಡು ನಳಿಕೆ ಎರಡು ಕಡೆ ಇಳಿದಿದ್ದವು. ಮಲಗಿದವಳ ಕಣ್ಣಿಗೆ ಅದು ಒಂದೇ ಕಾಲುವೆಯ ಎರಡು ಕವಲು.

ಊರ ಕಡೆ ಕಾಲುವೆ ತೋಡುವಾಗ ಎಳೆಗೂಸು ಶೇಖಮ್ಮನನ್ನು ಮರಕ್ಕೆ ಕಟ್ಟಿದ ಜೋಳಿಗೆಯಲ್ಲಿ ಹಾಕಿ ಮಣ್ಣು ಹೊತ್ತವಳು ಮಾಳಮ್ಮ. ನೀರು ಬಂದಮೇಲೆ ಶಹಾಪುರದ ಕಡೆ ಮೇಲಿನ ಹೊಲಗಳೆಲ್ಲ ಭತ್ತದ ಗದ್ದೆಯಾದವು. ಕಾಲುವೆಯ ತುದಿಯ ಹತ್ತಿರವಿದ್ದ ಅವಳ ಹೊಲ ತೊಗರಿಯಲ್ಲೇ ಉಳಿಯಿತು. ನೀರು ಬಿಡುವ ಗೇಟಿನವರ ಮುಂದೆ ಎಷ್ಟು ಸಲ ಕೈಮುಗಿದು ನಿಂತಳೋ. ಅವಳ ಕೆಳಗೂ ಒಂದು ಹೊಲವಿತ್ತು, ಬಾಷುಮಿಯಾನದು. ಅಪರೂಪಕ್ಕೆ ನೀರಿನ ಪಾಳಿ ಬಂದಾಗ ಅವನ ಹೊಲ ತೊಯ್ಯುವವರೆಗೆ ಅವಳು ತನ್ನ ಹೊಲಕ್ಕೆ ನೀರು ತಿರುಗಿಸಲು ಬದು ಒಡೆಯುತ್ತಿರಲಿಲ್ಲ. ಮೇಲಿನವರು ತನಗೆ ಮಾಡಿದ್ದನ್ನು ತಾನು ಕೆಳಗಿನವನಿಗೆ ಮಾಡಬಾರದೆಂಬ ಹಟ. ಊರವರು ಹುಚ್ಚಿ ಎಂದು ನಗುತ್ತಿದ್ದರು.

ಇಬ್ಬರ ಮದ್ದು ಬೇರೆ ಬೇರೆ, ನೀನು ಒತ್ತಿದರೆ ಅವಳದು ಕಡಿಮೆಯಾಗುವುದಿಲ್ಲ ಎಂದು ಶೇಖಮ್ಮ ಎಷ್ಟು ತಿಳಿಸಿದರೂ ಮಾಳಮ್ಮ ಒಪ್ಪಲಿಲ್ಲ.

"ಎಲ್ಲಾರಿಗೂ ಮುಟ್ಟತೈತಿ ಅಂತ ಗೇಟಿನವ್ರೂ ಅಂತಿದ್ರು."

ಖಾಜಾಬೀ ಹಲ್ಲು ಕಚ್ಚಿಕೊಂಡೇ ಮುಖ ಹೊರಳಿಸಿದಳು. "ಅಕ್ಕಾ, ನಾ ಏನ್ ನಿನ್ನ ಕಾಲುವಿ ಕೆಳಗ ಹೊಲ ಮಾಡೀನೇನು? ನಿನ್ನ ಮದ್ದು ನೀ ತಗೋ. ನೀ ಸತ್ರ ನನಗೇನ್ ಹನಿ ಹೆಚ್ಚ ಬರಂಗಿಲ್ಲ."

ಮಾಳಮ್ಮ ಅದನ್ನೂ ನಂಬಲಿಲ್ಲ. ಅವಳ ತುಟಿ ನೀಲಿಗಟ್ಟುತ್ತಿತ್ತು. ಶೇಖಮ್ಮ ಕಣ್ಣೊರೆಸಿಕೊಂಡು ಸಿಸ್ಟರ್ ಹತ್ತಿರ ಓಡಿ, ಖಾಜಾಬೀಯ ಬಾಟಲಿ ಬೇರೆ ಕಡೆ ಕಟ್ಟಿರೆಂದು ಕೇಳಿಕೊಂಡಳು. ಸಿಸ್ಟರ್ ಬಂದು ಸಲೈನ್ ಬಾಟಲಿ ಬಿಚ್ಚಿ, ಖಾಜಾಬೀಯ ಆಚೆ ಬದಿಯ ಕಿಟಕಿಯ ಸರಳಿಗೆ ತೂಗುಹಾಕಿದರು. ಸ್ಟ್ಯಾಂಡಿನಲ್ಲಿ ಯಂತ್ರವೊಂದೇ ಉಳಿಯಿತು. ಅದರಿಂದ ಹೊರಟ ನಳಿಕೆಯನ್ನು ಶೇಖಮ್ಮ ಬೆರಳಿನಿಂದ ಸವರುತ್ತ ತಾಯಿಯ ಬೆನ್ನಿನವರೆಗೆ ಬಂದಳು.

"ನೋಡಬೇ ಯವ್ವ. ನಿನ್ನ ಕೆಳಗ ಯಾರೂ ಇಲ್ಲ."

ಮಾಳಮ್ಮ ಕಿಟಕಿಯತ್ತ ನೋಡಿದಳು. ಖಾಜಾಬೀಯ ಬಾಟಲಿಯಲ್ಲಿ ಹನಿ ಬೀಳುತ್ತಿತ್ತು. ಅದನ್ನೇ ನೋಡುತ್ತ ಹೆಬ್ಬೆರಳು ಒತ್ತಿದಳು. ಯಂತ್ರ ಕಿರ್ ಎಂದಿತು. ಹನಿ ನಿಲ್ಲಲಿಲ್ಲ.

ಮದ್ದು ಇಳಿಯಲು ತುಸು ಹೊತ್ತು ಬೇಕಾಯಿತು. ಶೇಖಮ್ಮ ಹೊಲಿಗೆಯ ಮೇಲೆ ತಲೆದಿಂಬು ಅಮುಕಿ ಹಿಡಿದಳು. ಮೊದಲ ಕೆಮ್ಮು ಬರಿಯ ಗಾಳಿ. ಎರಡನೆಯದೂ ಅಷ್ಟೇ. ಆಪರೇಶನ್ ಮುಗಿಸಿ ಬಂದ ಡಾಕ್ಟರು ಬೆನ್ನಿಗೆ ಸ್ಟೆತಾಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. ತಡವಾಗಿದೆ, ಕೆಮ್ಮಿಸುತ್ತಲೇ ಇರಿ ಎಂದಷ್ಟೇ ಹೇಳಿದರು.

ಇನ್ನೊಮ್ಮೆ ಎಂದಳು ಶೇಖಮ್ಮ. ಮಾಳಮ್ಮ ಮೊದಲು ಕಿಟಕಿಯತ್ತ ನೋಡಿದಳು, ಆಮೇಲೆ ಒತ್ತಿದಳು.